ಕೊಡಗಿನ ಹೈಸ್ಕೂಲ್ ವಿದ್ಯಾರ್ಥಿಗಳಿಗೆ ರೋಯಿಂಗ್ ಕ್ಲಬ್ ಸೇರುವ ದಾರಿ: ಈಜುಕೊಳದಿಂದ ದೋಣಿಯ ಸೀಟಿನವರೆಗೆ

"ಅಕ್ಕಾ, ನನಗೆ ರೋಯಿಂಗ್ ಕಲಿಯಬೇಕು. ಯಾವ ಕ್ಲಬ್ಬಿಗೆ ಸೇರಲಿ?" ಎಂದು ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕುಶಾಲನಗರದ ಬಸ್ ನಿಲ್ದಾಣದಲ್ಲಿ ನನ್ನನ್ನು ತಡೆದು ಕೇಳಿದಳು. ಅವಳ ಬಸ್ ಹೊರಡಲು ಐದೇ ನಿಮಿಷವಿತ್ತು. "ಮೊದಲು ಈಜು ಕಲಿ" ಎಂದಷ್ಟೇ ಹೇಳಲು ಸಾಧ್ಯವಾಯಿತು. ಉಳಿದದ್ದನ್ನು ಅವಳಿಗಾಗಿ, ಅವಳಂತೆ ಕೇಳುವ ಎಲ್ಲರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ.

ನಮ್ಮ ಜಿಲ್ಲೆಯಲ್ಲಿ ಹಾಕಿ ಕಲಿಯಬೇಕೆಂದರೆ ಯಾರನ್ನೂ ಕೇಳಬೇಕಾಗಿಲ್ಲ. ಊರಿನ ಮೈದಾನ ಇದೆ, ಮನೆಯಲ್ಲಿ ಅಣ್ಣನ ಹಳೆಯ ಸ್ಟಿಕ್ ಇದೆ. ಹುಟ್ಟು ಹಾಕಿ ದೋಣಿ ಓಡಿಸುವ ರೋಯಿಂಗ್ ಹಾಗಲ್ಲ. ಅದಕ್ಕೆ ಉದ್ದವಾದ, ನೇರವಾದ, ನಿಂತ ನೀರು ಬೇಕು. ಅಂತರರಾಷ್ಟ್ರೀಯ ಸ್ಪರ್ಧೆಯ ದೂರ 2000 ಮೀಟರ್. ಆ ಪೂರ್ತಿ ದೂರಕ್ಕೆ ದೋಣಿಗಳು ಅಕ್ಕಪಕ್ಕದಲ್ಲಿ ಸಾಗುವಷ್ಟು ಅಗಲವೂ ಬೇಕು. ಕಾವೇರಿ ನಮ್ಮಲ್ಲೇ ಹುಟ್ಟುತ್ತಾಳೆ ನಿಜ, ಆದರೆ ನಮ್ಮ ಊರುಗಳಲ್ಲಿ ಅವಳಿನ್ನೂ ಬಂಡೆಗಳ ನಡುವೆ ತಿರುವು ತಿರುವಾಗಿ ಓಡುವ ಹೊಳೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅವಳ ಹತ್ತಿರ ಹೋಗುವುದೇ ಅಪಾಯ. ಹೀಗಾಗಿ ನೀರಿನ ನಾಡಿನವರಾದ ನಾವು ಈ ಒಂದು ಆಟಕ್ಕೆ ಊರು ಬಿಟ್ಟು ಹೋಗಬೇಕಾಗುತ್ತದೆ. ಹೋಗುವ ಮೊದಲು ಊರಿನಲ್ಲೇ ಮಾಡಿ ಮುಗಿಸಬಹುದಾದ ತಯಾರಿ ಮಾತ್ರ ಬಹಳಷ್ಟಿದೆ.

ಇದು ರಾಫ್ಟಿಂಗ್ ಅಲ್ಲ

ದುಬಾರೆಯಲ್ಲೋ ಬರಪೊಳೆಯಲ್ಲೋ ರಾಫ್ಟಿಂಗ್ ಮಾಡಿದವರು "ನನಗೆ ಅಭ್ಯಾಸವಿದೆ" ಎಂದುಕೊಂಡು ಬರುತ್ತಾರೆ. ಎರಡಕ್ಕೂ ನೀರು ಬಿಟ್ಟರೆ ಬೇರೆ ನೆಂಟಸ್ತಿಕೆಯಿಲ್ಲ. ರಾಫ್ಟಿಂಗಿನಲ್ಲಿ ನೀವು ಮುಂದೆ ನೋಡುತ್ತೀರಿ, ಕೈಯಲ್ಲಿ ಬಿಡಿಯಾದ ಪ್ಯಾಡಲ್ ಇರುತ್ತದೆ, ಹೊಳೆಯೇ ನಿಮ್ಮನ್ನು ಎಳೆದುಕೊಂಡು ಹೋಗುತ್ತದೆ. ರೋಯಿಂಗಿನಲ್ಲಿ ಸಾಗುವ ದಿಕ್ಕಿಗೆ ಬೆನ್ನು ಹಾಕಿ ಕೂರುತ್ತೀರಿ. ಹುಟ್ಟು ದೋಣಿಯ ಬದಿಯಲ್ಲಿ ಚಾಚಿಕೊಂಡಿರುವ ಲೋಹದ ಚೌಕಟ್ಟಿಗೆ ಸೇರಿಕೊಂಡಿರುತ್ತದೆ. ಪಾದಗಳನ್ನು ಒಂದು ಹಲಗೆಗೆ ಕಟ್ಟಿದ ಶೂಗಳೊಳಗೆ ತೂರಿಸಿರುತ್ತೀರಿ. ಕೂರುವ ಸೀಟು ಮಾತ್ರ ಹಳಿಗಳ ಮೇಲೆ ಹಿಂದೆ ಮುಂದೆ ಜಾರುತ್ತದೆ.

ಇಡೀ ಆಟದ ಗುಟ್ಟು ಆ ಜಾರುವ ಸೀಟಿನಲ್ಲಿದೆ. ಸೀಟು ಜಾರುವುದರಿಂದಲೇ ಕಾಲಿನ ಬಲ ಹುಟ್ಟಿಗೆ ತಲುಪುತ್ತದೆ. ರೋಯಿಂಗ್ ಎಂದರೆ ತೋಳಿನ ಆಟ ಎಂದು ನೋಡುವವರಿಗೆ ಅನ್ನಿಸುತ್ತದೆ. ಮೊದಲ ವಾರದ ಕೊನೆಗೆ ನೋಯುವುದು ತೊಡೆಗಳು.

ಒಬ್ಬರು ಎರಡು ಹುಟ್ಟು ಹಿಡಿದರೆ ಸ್ಕಲ್ಲಿಂಗ್, ಒಬ್ಬರಿಗೆ ಒಂದೇ ಉದ್ದನೆಯ ಹುಟ್ಟಾದರೆ ಸ್ವೀಪ್. ಒಬ್ಬರ ದೋಣಿಯಿಂದ ಎಂಟು ಜನರ ದೋಣಿಯವರೆಗೆ ಇವೆ. ಎಂಟು ಜನರ ದೋಣಿಯಲ್ಲಿ ಒಂಬತ್ತನೆಯವರಾಗಿ ಕಾಕ್ಸ್ ಇರುತ್ತಾರೆ. ದಿಕ್ಕು ನೋಡಿ ಚುಕ್ಕಾಣಿ ಹಿಡಿಯುವುದು, ಲಯ ತಪ್ಪದಂತೆ ಕೂಗಿ ಹೇಳುವುದು ಅವರ ಕೆಲಸ. ನೀವು ಕುಳ್ಳಗೆ, ಹಗುರಾಗಿದ್ದು ಗಟ್ಟಿ ಗಂಟಲು ಮತ್ತು ತಂಪು ತಲೆ ಉಳ್ಳವರಾದರೆ ಈ ಸೀಟನ್ನು ಕಣ್ಣಿಟ್ಟು ಕೇಳಿ. ಒಳ್ಳೆಯ ಕಾಕ್ಸ್ ಸಿಗುವುದು ಎಲ್ಲ ಕ್ಲಬ್ಬುಗಳಿಗೂ ಕಷ್ಟ.

ಮೊದಲ ಹೆಜ್ಜೆ: ಈಜು

ಈಜು ಬಾರದವರನ್ನು ಯಾವ ಜವಾಬ್ದಾರಿಯುತ ಕ್ಲಬ್ಬೂ ದೋಣಿಗೆ ಹತ್ತಿಸಬಾರದು. ಹತ್ತಿಸುತ್ತೇವೆ ಎಂದರೆ ಆ ಕ್ಲಬ್ಬಿಗೆ ಹೋಗಬೇಡಿ. ನಿಮ್ಮ ಗುರಿ ಹೀಗಿರಲಿ: ನಿಲ್ಲದೆ 100 ಮೀಟರ್ ಈಜುವುದು, ಕಾಲು ತಾಗದ ನೀರಿನಲ್ಲಿ ಐದು ನಿಮಿಷ ತೇಲಿ ನಿಲ್ಲುವುದು, ಟೀ ಶರ್ಟ್ ಮತ್ತು ಚಡ್ಡಿಯಲ್ಲೇ 50 ಮೀಟರ್ ದಾಟುವುದು. ಮೂರನೆಯದನ್ನು ಬಿಡಬೇಡಿ, ಏಕೆಂದರೆ ದೋಣಿ ಮಗುಚಿದಾಗ ನೀವು ಈಜುಡುಗೆಯಲ್ಲಿ ಇರುವುದಿಲ್ಲ.

ಇದನ್ನು ಕೊಳದಲ್ಲಿ, ತರಬೇತುದಾರರ ಕಣ್ಣೆದುರು ಕಲಿಯಿರಿ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಮಡಿಕೇರಿಯ ಜಿಲ್ಲಾ ಕಚೇರಿಯಲ್ಲಿ ಬೇಸಿಗೆಯ ಈಜು ತರಬೇತಿಯ ಬಗ್ಗೆ ಮಾರ್ಚ್ ತಿಂಗಳಲ್ಲೇ ವಿಚಾರಿಸಿ. ಮೈಸೂರಿನಲ್ಲಿ ನೆಂಟರಿದ್ದರೆ ಒಂದು ತಿಂಗಳು ಅಲ್ಲಿದ್ದು ಕಲಿತು ಬರಬಹುದು. ಸ್ನೇಹಿತರೊಂದಿಗೆ ಹೊಳೆಗೆ ಇಳಿದು ಕಲಿಯುತ್ತೇನೆ ಎನ್ನುವವರಿಗೆ ನಾನು ಕೈಮುಗಿದು ಬೇಡ ಎನ್ನುತ್ತೇನೆ. ಮೇಲೆ ಶಾಂತವಾಗಿ ಕಾಣುವ ನೀರಿನ ಕೆಳಗೆ ಸುಳಿಯಿರುತ್ತದೆ, ಬಂಡೆಯ ಸಂದಿಯಿರುತ್ತದೆ. ಹಾರಂಗಿ, ಚಿಕ್ಲಿಹೊಳೆ ಜಲಾಶಯಗಳಿಗೂ ಅನುಮತಿಯಿಲ್ಲದೆ ಇಳಿಯಕೂಡದು.

ನೀರೆಂದರೆ ಭಯ ಎನ್ನುವವರಿಗೆ ಒಂದು ಮಾತು. ರೋಯಿಂಗ್ ಪಟು ದತ್ತು ಭೋಕನಳ್ ನಾಸಿಕ್ ಜಿಲ್ಲೆಯ ಬರದ ಹಳ್ಳಿಯಿಂದ ಬಂದವರು, ಅಪ್ಪನ ಜೊತೆ ಬಾವಿ ತೋಡುತ್ತಿದ್ದವರು. 2012ರಲ್ಲಿ ಸೇನೆ ಸೇರಿದ ಮೇಲೆಯೇ ಅವರಿಗೆ ರೋಯಿಂಗಿನ ಪರಿಚಯವಾಗಿದ್ದು, ಮೊದಮೊದಲು ನೀರೆಂದರೆ ಅವರಿಗೂ ಹೆದರಿಕೆಯಿತ್ತು. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ಅವರು ಒಬ್ಬರ ದೋಣಿಯ ಸ್ಪರ್ಧೆಯಲ್ಲಿ 13ನೇ ಸ್ಥಾನ ಪಡೆದರು. 2018ರ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ ನಾಲ್ವರ ದೋಣಿಯಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದರು. ಏಷ್ಯನ್ ಕೂಟದಲ್ಲಿ ಭಾರತಕ್ಕೆ ರೋಯಿಂಗಿನ ಮೊದಲ ಚಿನ್ನವನ್ನು 2010ರಲ್ಲಿ ಗುವಾಂಗ್‌ಜೌನಲ್ಲಿ ತಂದ ಬಜರಂಗ್ ಲಾಲ್ ತಾಖರ್ ರಾಜಸ್ಥಾನದವರು. ಅವರಿಗೆ ಹೋಲಿಸಿದರೆ ನಾವು ಎಷ್ಟು ಭಾಗ್ಯವಂತರು!

ಮಳೆಗಾಲದ ಕೆಲಸ: ಎರ್ಗೋಮೀಟರ್

ಮಳೆ ಹಿಡಿದರೆ ನಮ್ಮಲ್ಲಿ ಅಂಗಳಕ್ಕೆ ಇಳಿಯುವುದೂ ಕಷ್ಟ. ಆ ನಾಲ್ಕು ತಿಂಗಳು ಒಳಾಂಗಣ ಅಭ್ಯಾಸಕ್ಕೆ ಹೇಳಿ ಮಾಡಿಸಿದ ಕಾಲ. ಜಿಮ್‌ಗಳಲ್ಲಿ ಮೂಲೆಗೆ ಸರಿಸಿಟ್ಟಿರುವ ರೋಯಿಂಗ್ ಯಂತ್ರವನ್ನೇ ರೋಯಿಂಗ್‌ನವರು ಎರ್ಗೋಮೀಟರ್ ಎನ್ನುತ್ತಾರೆ, ಬಾಯಿಮಾತಿನಲ್ಲಿ ಬರೀ 'ಎರ್ಗ್'. ಹೆಚ್ಚಿನವರು ಅದನ್ನು ತಪ್ಪಾಗಿಯೇ ಬಳಸುತ್ತಾರೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ.

ಕಾಫಿ ಚೀಲ ಎತ್ತುವವರನ್ನು ನೋಡಿದ್ದೀರಲ್ಲ. ಅನುಭವಿಗಳು ಬೆನ್ನು ಬಗ್ಗಿಸಿ ಎಳೆಯುವುದಿಲ್ಲ. ಕುಕ್ಕುರು ಕುಳಿತು, ಚೀಲವನ್ನು ಮೈಗೆ ಒತ್ತಿಕೊಂಡು, ಕಾಲಿನ ಬಲದಿಂದ ಮೇಲೇಳುತ್ತಾರೆ. ಎರ್ಗ್‌ನ ಎಳೆತವೂ ಅದೇ, ಅಡ್ಡ ಮಲಗಿಸಿದ ಹಾಗೆ. ಮೊದಲು ಕಾಲುಗಳಿಂದ ಹಲಗೆಯನ್ನು ಒದ್ದು ಮಂಡಿಗಳನ್ನು ನೇರ ಮಾಡಿ. ಅಷ್ಟರವರೆಗೆ ತೋಳುಗಳು ಹಗ್ಗದಂತೆ ಚಾಚಿರಲಿ, ಬೆನ್ನು ಸೊಂಟದಿಂದ ಮುಂದಕ್ಕೆ ವಾಲಿರಲಿ. ಕಾಲು ನೇರವಾಗುತ್ತಾ ಬಂದಂತೆ ಬೆನ್ನನ್ನು ಹಿಂದಕ್ಕೆ ತನ್ನಿ. ಕಟ್ಟಕಡೆಗೆ ತೋಳು ಮಡಚಿ ಹಿಡಿಯನ್ನು ಪಕ್ಕೆಲುಬಿನ ಕೆಳಗೆ ತಂದು ಮುಟ್ಟಿಸಿ. ವಾಪಸ್ ಹೋಗುವಾಗ ಇದು ತಿರುವುಮುರುವು: ಮೊದಲು ತೋಳು ಚಾಚಬೇಕು, ಬಳಿಕ ಬೆನ್ನು ವಾಲಬೇಕು, ಆಮೇಲಷ್ಟೇ ಮಂಡಿ ಮಡಚಬೇಕು.

ಹೊಸಬರ ದೊಡ್ಡ ತಪ್ಪು ಈ ವಾಪಸಾತಿಯಲ್ಲಿದೆ. ಕೈಗಳು ಮಂಡಿಯನ್ನು ದಾಟುವ ಮೊದಲೇ ಮಂಡಿ ಮೇಲೇಳುತ್ತದೆ. ಆಗ ಹಿಡಿಯನ್ನು ಮಂಡಿಯ ಮೇಲಿಂದ ಎತ್ತಿ ದಾಟಿಸಬೇಕಾಗುತ್ತದೆ. ಯಂತ್ರದ ಮೇಲೆ ಇದರಿಂದ ಏನೂ ಆಗುವುದಿಲ್ಲ, ಹಾಗಾಗಿ ಯಾರೂ ತಿದ್ದಿಕೊಳ್ಳುವುದಿಲ್ಲ. ದೋಣಿಯಲ್ಲಿ ಕೈ ಮೇಲೆದ್ದರೆ ಹುಟ್ಟಿನ ತುದಿ ಕೆಳಗಿಳಿದು ನೀರಿಗೆ ತಾಗುತ್ತದೆ, ಎಂಟೂ ಜನ ಒಂದು ಕಡೆಗೆ ವಾಲುತ್ತಾರೆ. ಆದ್ದರಿಂದ ಎರ್ಗ್ ಪಕ್ಕದಲ್ಲಿ ಮೊಬೈಲ್ ಇಟ್ಟು ಬದಿಯಿಂದ ವಿಡಿಯೊ ತೆಗೆದುಕೊಂಡು ಹಿಡಿಯ ದಾರಿಯನ್ನು ಮಾತ್ರ ನೋಡಿ. ಅದು ಹೋಗುವಾಗಲೂ ಬರುವಾಗಲೂ ನೆಲಕ್ಕೆ ಸಮಾನಾಂತರವಾಗಿ ಗೆರೆ ಎಳೆದಂತೆ ಸಾಗಬೇಕು.

ಯಂತ್ರದ ಗಾಳಿಯ ಚಕ್ರದ ಪಕ್ಕದಲ್ಲಿ ಎಳೆತದ ಭಾರ ಬದಲಿಸುವ ಲಿವರನ್ನು 10ಕ್ಕೆ ಇಟ್ಟು ಎಳೆಯುವುದು ಶೌರ್ಯವಲ್ಲ, ಬೆನ್ನುನೋವಿಗೆ ಆಹ್ವಾನ. 3ರಿಂದ 5ರ ನಡುವೆ ಇರಲಿ. ವಾರಕ್ಕೆ ಮೂರು ದಿನ, ನಿಮಿಷಕ್ಕೆ 18ರಿಂದ 20 ಎಳೆತದ ಲೆಕ್ಕದಲ್ಲಿ 20 ನಿಮಿಷ ಸಾಕು. ಮಾತನಾಡಲು ಆಗುವಷ್ಟು ಉಸಿರು ಉಳಿದಿರಲಿ. ಎರಡು ಮೂರು ತಿಂಗಳ ಅಭ್ಯಾಸವಾಗುವವರೆಗೆ 2000 ಮೀಟರ್ ಪರೀಕ್ಷೆಯ ಗೋಜಿಗೆ ಹೋಗಬೇಡಿ. ಹತ್ತಿರದಲ್ಲಿ ಯಂತ್ರವೇ ಇಲ್ಲವೆಂದರೂ ಬೇಸರ ಬೇಡ: ಬಸ್ಕಿ, ಪ್ಲ್ಯಾಂಕ್, ತೋಟದ ಏರುದಾರಿಯಲ್ಲಿ ಚುರುಕು ನಡಿಗೆ. ಗುಡ್ಡ ಹತ್ತಿ ಶಾಲೆಗೆ ಹೋಗಿ ಬೆಳೆದ ಕಾಲುಗಳು ಬಯಲುಸೀಮೆಯ ಕಾಲುಗಳಿಗಿಂತ ಒಂದು ಹೆಜ್ಜೆ ಮುಂದೆಯೇ ಇರುತ್ತವೆ ಎಂಬುದು ನಾನು ಕಣ್ಣಾರೆ ಕಂಡದ್ದು.

ಕ್ಲಬ್ ಹುಡುಕುವುದು

ದಕ್ಷಿಣ ಭಾರತದಲ್ಲಿ ಈ ಆಟಕ್ಕೆ ಹಳೆಯ ಬೇರುಗಳಿವೆ. ಚೆನ್ನೈಯ ಅಡ್ಯಾರ್ ನದಿಯ ದಂಡೆಯಲ್ಲಿರುವ ಮದ್ರಾಸ್ ಬೋಟ್ ಕ್ಲಬ್ 1867ರದ್ದು. ಬೆಂಗಳೂರಿನಲ್ಲಿ ಹಲಸೂರು ಕೆರೆಯ ಬದಿಯಲ್ಲೇ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್ ಇದೆ. ಕೇರಳದ ಆಲಪ್ಪುಳದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರದ ಜಲಕ್ರೀಡಾ ಕೇಂದ್ರವಿದೆ. ಇವು ಮೂರೂ ಬೇರೆ ಬೇರೆ ಬಗೆಯ ಬಾಗಿಲುಗಳು ಎಂಬುದನ್ನು ಮೊದಲೇ ತಿಳಿದುಕೊಳ್ಳಿ. ಕ್ರೀಡಾ ಪ್ರಾಧಿಕಾರದ ಕೇಂದ್ರಕ್ಕೆ ಆಯ್ಕೆ ಪರೀಕ್ಷೆ ಪಾಸಾಗಬೇಕು. ಎತ್ತರ, ತೋಳಿನ ಉದ್ದ, ಓಟ ಎಲ್ಲವನ್ನೂ ಅಳೆಯುತ್ತಾರೆ. ಸೇನೆಯ ಬಾಗಿಲು ಸೇನೆಗೆ ಸೇರುವವರಿಗೆ. ಕೊಡಗಿನ ಮನೆಗಳಿಗೆ ಅದನ್ನು ವಿವರಿಸಿ ಹೇಳಬೇಕಾಗಿಲ್ಲ. ಸುಮ್ಮನೆ ಕಲಿಯಲು, ಆಡಲು ಬಯಸುವ ವಿದ್ಯಾರ್ಥಿಗೆ ತಕ್ಕದ್ದು ಹೊಸಬರ ಶಿಬಿರ ನಡೆಸುವ ನಾಗರಿಕ ಕ್ಲಬ್.

ಕಯಾಕಿಂಗ್‌ನಿಂದಲೂ ಶುರು ಮಾಡಬಹುದು. ನಮ್ಮವರೇ ಆದ ಜನರಲ್ ತಿಮ್ಮಯ್ಯ ಅವರ ಹೆಸರಿನ ರಾಷ್ಟ್ರೀಯ ಸಾಹಸ ಅಕಾಡೆಮಿ ರಾಜ್ಯದಲ್ಲಿ ವಿದ್ಯಾರ್ಥಿಗಳಿಗೆ ಜಲಸಾಹಸ ತರಬೇತಿ ನಡೆಸುತ್ತದೆ. ಅದು ರೋಯಿಂಗ್ ಅಲ್ಲದಿದ್ದರೂ ತೂಗಾಡುವ ದೋಣಿಯಲ್ಲಿ ಮೈ ಸಡಿಲ ಬಿಟ್ಟು ಕೂರುವುದನ್ನು ಕಲಿಸುತ್ತದೆ. ಅದು ದೊಡ್ಡ ಲಾಭ.

ಕ್ಲಬ್ಬಿಗೆ ಪತ್ರವೋ ಇಮೇಲೋ ಬರೆಯುವಾಗ ನಾಲ್ಕು ಸಾಲಿನಲ್ಲಿ ಮುಗಿಸಿ, ಆದರೆ ಅವರಿಗೆ ಬೇಕಾದದ್ದೆಲ್ಲ ಅದರಲ್ಲಿರಲಿ. ಹೀಗೆ:

"ಮಾನ್ಯರೇ, ನಾನು ಕೊಡಗು ಜಿಲ್ಲೆಯಲ್ಲಿ ಹತ್ತನೇ ತರಗತಿ ಓದುತ್ತಿದ್ದೇನೆ. ವಯಸ್ಸು 15, ಎತ್ತರ 164 ಸೆಂ.ಮೀ. ನಿಲ್ಲದೆ 100 ಮೀಟರ್ ಈಜುತ್ತೇನೆ. ಎರ್ಗೋಮೀಟರ್ ಅಭ್ಯಾಸ ನಾಲ್ಕು ತಿಂಗಳಿನದು; ದೋಣಿಯ ಅನುಭವವಿಲ್ಲ. ಪರೀಕ್ಷೆ ಮುಗಿದ ಮೇಲೆ ಏಪ್ರಿಲ್ 20ರಿಂದ ಮೇ 20ರವರೆಗೆ ನಿಮ್ಮ ನಗರದಲ್ಲಿ ಚಿಕ್ಕಮ್ಮನ ಮನೆಯಲ್ಲಿರುತ್ತೇನೆ. ಆ ಅವಧಿಯಲ್ಲಿ ಹೊಸಬರಿಗೆ ತರಬೇತಿ ಇದೆಯೇ? ಸದಸ್ಯರಲ್ಲದ ಕುಟುಂಬದ ವಿದ್ಯಾರ್ಥಿಗಳನ್ನು ಸೇರಿಸಿಕೊಳ್ಳುತ್ತೀರಾ? ಶುಲ್ಕದಲ್ಲಿ ದೋಣಿ, ತರಬೇತಿ, ವಿಮೆ ಎಲ್ಲವೂ ಸೇರಿದೆಯೇ? ನನ್ನ ತಂದೆ ತಾಯಿಯ ಒಪ್ಪಿಗೆ ಇದೆ, ಅವರ ಸಂಪರ್ಕ ಸಂಖ್ಯೆ ಕೆಳಗಿದೆ."

ಹೊರರಾಜ್ಯಕ್ಕಾದರೆ ಇದನ್ನೇ ಇಂಗ್ಲಿಷಿನಲ್ಲಿ ಕಳುಹಿಸಿ. ಉತ್ತರ ಬರದಿದ್ದರೆ ಹತ್ತು ದಿನ ಬಿಟ್ಟು ಫೋನ್ ಮಾಡಿ. ಜನನ ಪ್ರಮಾಣಪತ್ರ, ಆಧಾರ್ ಪ್ರತಿ, ವೈದ್ಯರ ಪ್ರಮಾಣಪತ್ರ, ಪೋಷಕರ ಒಪ್ಪಿಗೆ ಪತ್ರ, ಫೋಟೊ ಒಂದು ಕಡತದಲ್ಲಿ ಸಿದ್ಧವಿರಲಿ. ಜನ್ಮದಿನಾಂಕದ ದಾಖಲೆ ಮುಂದೆ ಸ್ಪರ್ಧೆಗೂ ಬೇಕು: ಅಂತರರಾಷ್ಟ್ರೀಯ ನಿಯಮದಂತೆ 18 ವರ್ಷ ತುಂಬುವ ವರ್ಷದ ಡಿಸೆಂಬರ್ 31ರವರೆಗೆ ನೀವು ಜೂನಿಯರ್.

ಮನೆಯವರ ಒಪ್ಪಿಗೆ

ಅಪ್ಪ ಅಮ್ಮನ ಹೆದರಿಕೆ ನ್ಯಾಯವಾದದ್ದು. ಹೊಳೆ ಏನು ಮಾಡಬಲ್ಲದು ಎಂಬುದನ್ನು 2018ರ ಆಗಸ್ಟ್ ಕಂಡ ಜಿಲ್ಲೆಗೆ ಯಾರೂ ಹೇಳಿಕೊಡಬೇಕಾಗಿಲ್ಲ. ವಾದ ಮಾಡಬೇಡಿ. ಈಜು ಕಲಿತು, ಅವರನ್ನು ಕೊಳದ ಬಳಿಗೆ ಕರೆದುಕೊಂಡು ಹೋಗಿ ಈಜಿ ತೋರಿಸಿ. ಆಮೇಲೆ ಕ್ಲಬ್ಬಿಗೆ ಅವರಿಂದಲೇ ಫೋನ್ ಮಾಡಿಸಿ. ಅವರು ಕೇಳಬೇಕಾದ ಪ್ರಶ್ನೆಗಳು ಇವು: ಹೊಸಬರು ನೀರಿನಲ್ಲಿರುವಾಗ ಮೋಟಾರು ದೋಣಿಯಲ್ಲಿ ತರಬೇತುದಾರರು ಜೊತೆಗೆ ಬರುತ್ತಾರೆಯೇ? ಲೈಫ್ ಜಾಕೆಟ್ ಇವೆಯೇ? ದೋಣಿ ಮಗುಚಿದಾಗ ಏನು ಮಾಡಬೇಕೆಂದು ಮೊದಲೇ ಅಭ್ಯಾಸ ಮಾಡಿಸುತ್ತಾರೆಯೇ? ಗುಡುಗು ಕೇಳಿದರೆ ನಿಯಮವೇನು? ಸರಿಯಾದ ಉತ್ತರ ಒಂದೇ: ತಕ್ಷಣ ದಡಕ್ಕೆ, ಕೊನೆಯ ಗುಡುಗಿನ ಬಳಿಕ ಅರ್ಧ ಗಂಟೆ ನೀರಿಗೆ ಇಲ್ಲ.

ಖರ್ಚಿನ ಮಾತನ್ನೂ ಮುಚ್ಚಿಡದೆ ಆಡಿ. ದೋಣಿ, ಹುಟ್ಟು ಕ್ಲಬ್ಬಿನದು, ನೀವು ಕೊಳ್ಳಬೇಕಾಗಿಲ್ಲ. ನಮ್ಮಿಂದ ಹೋಗುವವರಿಗೆ ಶುಲ್ಕಕ್ಕಿಂತ ಭಾರವಾಗುವುದು ಇರುವ ಜಾಗ ಮತ್ತು ಓಡಾಟ. ರೈಲು ಇಲ್ಲದ ಜಿಲ್ಲೆ ನಮ್ಮದು. ಅದಕ್ಕೇ ನೆಂಟರ ಮನೆ ಎಲ್ಲಿದೆ ಎಂದು ನೋಡಿಕೊಂಡು ಕ್ಲಬ್ ಆರಿಸಿ ಎನ್ನುತ್ತೇನೆ.

ಮೊದಲ ದಿನ

ಬೆಳಗಿನ ಜಾವ ಕರೆಯುತ್ತಾರೆ, ಏಕೆಂದರೆ ಆಗ ಗಾಳಿ ಕಡಿಮೆ, ನೀರು ಕನ್ನಡಿಯಂತಿರುತ್ತದೆ. ಮೈಗೆ ಅಂಟಿದಂತಹ ಬಟ್ಟೆ ಹಾಕಿ. ದೊಗಳೆ ಶರ್ಟಿನ ಅಂಚು ಹುಟ್ಟಿನ ಹಿಡಿಗೆ ಸಿಕ್ಕಿಕೊಳ್ಳುತ್ತದೆ. ಸಾಕ್ಸ್, ಟೋಪಿ, ನೀರಿನ ಬಾಟಲಿ, ಬದಲಿ ಬಟ್ಟೆ. ಕೈಗವಸು ಬೇಡ. ಬೊಕ್ಕೆ ಬರುತ್ತದೆ, ಒಡೆಯಬೇಡಿ, ತೊಳೆದು ಟೇಪ್ ಸುತ್ತಿ. ಗಾಯವಿದ್ದರೆ ನೀರು ಹೋಗದಂತೆ ಮುಚ್ಚಿಕೊಂಡೇ ಇಳಿಯಿರಿ: ಇಂತಹ ನೀರು ಗಾಯಕ್ಕೆ ತಾಗಿದರೆ ಇಲಿ ಜ್ವರ ಬರಬಹುದು.

ದೋಣಿಯನ್ನು ಹೊರುವುದು ಮೊದಲ ಪಾಠ. ಎಂಟು ಜನರ ದೋಣಿಯ ಕನಿಷ್ಠ ತೂಕ 96 ಕಿಲೊ, ಅಂದರೆ ಒಬ್ಬೊಬ್ಬರ ಪಾಲಿಗೆ 12 ಕಿಲೊ. ಭಾರವಲ್ಲ, ಆದರೆ ಉದ್ದ; ಒಬ್ಬರು ಬೇಗ ತಿರುಗಿದರೆ ತುದಿ ಗೋಡೆಗೆ ಬಡಿಯುತ್ತದೆ. ಕಾಕ್ಸ್ ಹೇಳುವವರೆಗೆ ಎತ್ತಬೇಡಿ, ಇಳಿಸಬೇಡಿ. ಹತ್ತುವಾಗ ಗುರುತು ಮಾಡಿದ ಹಲಗೆಯ ಮೇಲೆ ಮಾತ್ರ ಕಾಲಿಡಿ. ಉಳಿದ ತಳ ಎಷ್ಟು ತೆಳುವೆಂದರೆ ಹಿಮ್ಮಡಿ ತೂರಿಹೋಗುತ್ತದೆ. ಕುಳಿತ ಮೇಲೆ ಹುಟ್ಟಿನ ಹಿಡಿಯನ್ನು ಒಂದು ಕ್ಷಣವೂ ಬಿಡಬೇಡಿ. ನೀರಿನ ಮೇಲೆ ಚಪ್ಪಟೆಯಾಗಿ ಮಲಗಿದ ಹುಟ್ಟುಗಳೇ ದೋಣಿಯನ್ನು ಮಗುಚದಂತೆ ಹಿಡಿದಿರುವುದು. ಮಗುಚಿದರೂ ದೋಣಿ ತೇಲುತ್ತದೆ. ಅದನ್ನು ಹಿಡಿದುಕೊಂಡೇ ಇರಿ, ದಡ ಎಷ್ಟೇ ಹತ್ತಿರ ಕಂಡರೂ ಬಿಟ್ಟು ಈಜಬೇಡಿ.

ಮೊದಲ ವಾರ ಹುಟ್ಟು ನೀರಿನಲ್ಲಿ ಸಿಕ್ಕಿಕೊಂಡು ಹಿಡಿ ಎದೆಗೆ ಬಡಿಯುತ್ತದೆ. ಎಲ್ಲರಿಗೂ ಆಗುತ್ತದೆ. ತಲೆ ಎತ್ತಿ ಮುಂದಿನ ಎಳೆತಕ್ಕೆ ಹೋಗಿ.

ಖಾಲಿ ಸೀಟು

ನಾನು ಓದಲು ಹೋದ ನಗರದಲ್ಲಿ ಕ್ಲಬ್ ಸೇರಿದ ಮೂರನೇ ವಾರ, ಒಂದು ಬೆಳಿಗ್ಗೆ ಹತ್ತು ನಿಮಿಷ ತಡವಾಗಿ ಹೋದೆ. ದೋಣಿ ಚರಣಿಗೆಯ ಮೇಲೆಯೇ ಇತ್ತು. ಏಳು ಜನ ಮತ್ತು ಕಾಕ್ಸ್ ಅದರ ಪಕ್ಕದಲ್ಲಿ ನಿಂತಿದ್ದರು. ಯಾರೂ ಬೈಯಲಿಲ್ಲ. ಅವರಲ್ಲೊಬ್ಬಳು ಎರಡು ಬಸ್ ಬದಲಿಸಿ ನಾಲ್ಕೂವರೆಗೆ ಮನೆ ಬಿಟ್ಟು ಬಂದವಳು. ಅಷ್ಟರಲ್ಲಿ ಗಾಳಿ ಎದ್ದಿತ್ತು, ಆ ದಿನ ನೀರಿಗೆ ಇಳಿಯಲಿಲ್ಲ. ಏಳು ಜನರ ದೋಣಿ ಎಂಬುದೊಂದಿಲ್ಲ ಎಂದು ನನಗೆ ಅಂದು ಅರ್ಥವಾಯಿತು. ಕ್ಲಬ್ ಸೇರುವುದೆಂದರೆ ಅರ್ಜಿ ತುಂಬುವುದಲ್ಲ, ಇಷ್ಟು ಜನರ ಬೆಳಗನ್ನು ನಿಮ್ಮ ಕೈಗೆ ಕೊಡಿಸಿಕೊಳ್ಳುವುದು.

ಆದ್ದರಿಂದ ಹೊರಡುವ ಸಮಯಕ್ಕೆ ಕಾಲು ಗಂಟೆ ಮೊದಲೇ ಹೋಗಿ. ಬರಲಾಗದಿದ್ದರೆ ಹಿಂದಿನ ಸಂಜೆಯೇ ಹೇಳಿ, ಬದಲಿ ಹುಡುಕಲು ಅವರಿಗೆ ಸಮಯ ಸಿಗಲಿ. ಹುತ್ತರಿಗೆ, ಕೈಲ್‌ಪೋಳ್ದ್‌ಗೆ ಊರಿಗೆ ಹೋಗಲೇಬೇಕೆಂದಿದ್ದರೆ ತಿಂಗಳ ಮೊದಲೇ ತರಬೇತುದಾರರಿಗೆ ದಿನಾಂಕ ತಿಳಿಸಿ. ನಿಮ್ಮ ಹಬ್ಬ ಬೇರೆಯವರಿಗೆ ಗೊತ್ತಿರುವುದಿಲ್ಲ. ದಡಕ್ಕೆ ಬಂದ ಮೇಲೆ ದೋಣಿ ತೊಳೆದು ಒರೆಸಿ ಚರಣಿಗೆಗೆ ಏರಿಸುವವರೆಗೆ ಯಾರೂ ಬ್ಯಾಗ್ ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ.

ಎಸ್ಸೆಸ್ಸೆಲ್ಸಿ ಮತ್ತು ಅದರ ನಂತರ

ಎಂಟು ಮತ್ತು ಒಂಬತ್ತನೇ ತರಗತಿಯ ಬೇಸಿಗೆಗಳು ಈಜಿಗೆ. ಹತ್ತನೇ ತರಗತಿಯಲ್ಲಿ ವಾರಕ್ಕೆ ಎರಡು ದಿನ ಎರ್ಗ್ ಅಥವಾ ವ್ಯಾಯಾಮ, ಜನವರಿಯಿಂದ ಅದನ್ನೂ ಕಡಿಮೆ ಮಾಡಿ. ಡಿಸೆಂಬರ್‌ನಿಂದ ಮನೆಯಲ್ಲಿ ಕಾಫಿ ಕೊಯ್ಲಿನ ಕೆಲಸವೂ ಇರುತ್ತದೆ. ಅದನ್ನು ತಪ್ಪಿಸಿಕೊಂಡು ಎರ್ಗ್ ಎಳೆಯುತ್ತೇನೆ ಎಂದರೆ ಯಾವ ಅಮ್ಮನೂ ಒಪ್ಪುವುದಿಲ್ಲ, ಒಪ್ಪಬಾರದು ಕೂಡ. ದಸರಾ ರಜೆಯಲ್ಲಿ ಒಮ್ಮೆ ಕ್ಲಬ್ಬಿಗೆ ಹೋಗಿ ದಡದಲ್ಲಿ ನಿಂತು ಒಂದು ಬೆಳಗಿನ ಅಭ್ಯಾಸ ನೋಡಿ ಬನ್ನಿ.

ಹತ್ತನೇ ತರಗತಿಯ ಪರೀಕ್ಷೆ ಮುಗಿದು ಪಿಯು ತರಗತಿ ಶುರುವಾಗುವವರೆಗಿನ ರಜೆಯೇ ಕಲಿಯಲು ಎಲ್ಲಕ್ಕಿಂತ ಒಳ್ಳೆಯ ಸಮಯ. ಶಿಬಿರದ ಬಳಿಕವೂ ಆಸೆ ಉಳಿದರೆ, ಪಿಯು ಕಾಲೇಜು ಆರಿಸುವಾಗ ಹಾಸ್ಟೆಲ್‌ನಿಂದ ನೀರಿನ ದಂಡೆಗೆ ಎಷ್ಟು ದೂರ ಎಂದು ನಕ್ಷೆಯಲ್ಲಿ ಅಳೆಯಿರಿ, ಬೆಳಗಿನ ಮೊದಲ ಬಸ್ ಎಷ್ಟು ಗಂಟೆಗೆ ಎಂದು ವಿಚಾರಿಸಿ. ಹಾಸ್ಟೆಲ್ ಗೇಟು ಐದು ಗಂಟೆಗೆ ತೆರೆಯುತ್ತದೆಯೇ ಎಂಬುದನ್ನು ವಾರ್ಡನ್ ಬಳಿ ಅಪ್ಪನೋ ಅಮ್ಮನೋ ಜೊತೆಗಿರುವಾಗಲೇ, ದಾಖಲಾತಿಯ ಹಣ ಕಟ್ಟುವ ಮೊದಲೇ ಕೇಳಿ.